ಮೊಮ್ಮಗಳ ಕಪಾಟಿನ ಕಾದಂಬರಿಗಳು

ಕನ್ನಡ ಮತ್ತು ಮರಾಠಿ ಎರಡರಲ್ಲೂ ನಾವೆಲ್ ಎಂಬ ಪ್ರಕಾರಕ್ಕೆ ಒಂದೇ ಹೆಸರು: ಕಾದಂಬರಿ. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು ನುಡಿ ಎಂದು ಬದುಕುವ ಸೊಲ್ಲಾಪುರದ ನಮ್ಮಂಥವರಿಗೆ ಅನುವಾದದ ಶ್ರಮವಿಲ್ಲದೆ ಸಿಕ್ಕ ಶಬ್ದಗಳಲ್ಲಿ ಇದೂ ಒಂದು. ಆದರೆ ಇದು ಮೂಲದಲ್ಲಿ ಒಬ್ಬ ಹುಡುಗಿಯ ಹೆಸರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿ, ಗಂಧರ್ವ ರಾಜಕುಮಾರಿ ಕಾದಂಬರಿ. ಅವಳ ಕಥೆಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮನು ‘ಕರ್ನಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದನು. ಅದರಲ್ಲಿ ಮಾತನಾಡುವ ಗಿಳಿಯಿದೆ. ಶಾಪದಿಂದ ಕುದುರೆಯಾದ ಮುನಿಕುಮಾರನಿದ್ದಾನೆ. ಪ್ರಾಣ ಹೋದರೂ ಕೆಡದ ರಾಜಕುಮಾರನ ದೇಹವಿದೆ. ಜನ್ಮಾಂತರಗಳನ್ನು ದಾಟಿ ಕೂಡುವ ಎರಡು ಜೋಡಿಗಳಿವೆ. ಇಂದಿನ ಪುಸ್ತಕದಂಗಡಿಯವರು ಇದನ್ನು ಎಲ್ಲಿ ಇಡುತ್ತಿದ್ದರು ಎಂದು ಕೇಳಿದರೆ ಉತ್ತರ ಸುಲಭ: ಪ್ರಣಯ ಮತ್ತು ಫ್ಯಾಂಟಸಿಯ ಕಪಾಟಿನಲ್ಲಿ, ಹದಿಹರೆಯದ ಹುಡುಗಿಯರ ಕೈಗೆ ಎಟಕುವಂತೆ.

ಈ ವಂಶಾವಳಿಯನ್ನು ಮೊದಲೇ ಹೇಳಲು ಕಾರಣವಿದೆ. ನನ್ನ ವಯಸ್ಸಿನ ಓದುಗರಲ್ಲಿ, ಅದರಲ್ಲೂ ಶಿಕ್ಷಕ ವೃತ್ತಿಯಿಂದ ನಿವೃತ್ತರಾದವರಲ್ಲಿ, ಇಂದಿನ ಇಂಗ್ಲಿಷ್ ಪ್ರಣಯ ಕಾದಂಬರಿಗಳ ಬಗ್ಗೆ, ‘ಯಂಗ್ ಅಡಲ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಫ್ಯಾಂಟಸಿಗಳ ಬಗ್ಗೆ ಒಂದು ಸಿದ್ಧ ತಿರಸ್ಕಾರವಿದೆ. ಪುಟ ತೆರೆಯದೆಯೇ ತೀರ್ಪು ಕೊಡುವ ಅಭ್ಯಾಸವದು. ಹದಿನೇಳರ ನನ್ನ ಮೊಮ್ಮಗಳು ಇದಕ್ಕೆ ಒಂದು ನಿಯಮ ಹಾಕಿದಳು: “ಓದದ ಬೈಬ್ಯಾಡ ಆಯಿ. ಓದಿ ಬೈ.” ನಿಯಮ ನ್ಯಾಯವಾದುದು. ಕಳೆದ ಮೂರು ವರ್ಷಗಳಲ್ಲಿ ಅವಳ ಕಪಾಟಿನಿಂದ ಒಂದೊಂದಾಗಿ ತೆಗೆದು ಓದಿದ ಪುಸ್ತಕಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುತ್ತೇನೆ. ನನ್ನ ಅಳತೆಗೋಲುಗಳು ಎರಡೇ. ಕಥೆಯಲ್ಲಿ ಮಾಯೆಯಿದ್ದರೆ ಅದಕ್ಕೆ ಯಾರಾದರೂ ಬೆಲೆ ತೆರುತ್ತಾರೆಯೆ? ಒಲವಿದ್ದರೆ ಅದರಲ್ಲಿ ಬೇಡವೆನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇದೆಯೆ?

ಮೊದಲು ಎಲ್ಲರ ಬಾಯಲ್ಲಿರುವ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’. 2015ರಲ್ಲಿ ಬಂದ ಈ ಕಾದಂಬರಿಯ ಬುನಾದಿ ಸುಂದರಿ ಮತ್ತು ಮೃಗದ ಹಳೆಯ ಕಥೆ. ಬಡತನಕ್ಕೆ ಬಿದ್ದ ವ್ಯಾಪಾರಿಯ ಮಗಳು ಫೇರಾ ಬೇಟೆಯಾಡಿ ಮನೆಯವರ ಹೊಟ್ಟೆ ಹೊರೆಯುತ್ತಾಳೆ. ತೋಳವೊಂದನ್ನು ಕೊಲ್ಲುತ್ತಾಳೆ, ಅದು ತೋಳವಲ್ಲ, ‘ಫೇ’ ಎಂಬ ಅಮಾನುಷ ಕುಲದವನು. ನಮ್ಮ ಯಕ್ಷ ಗಂಧರ್ವರಿಗೆ ಹತ್ತಿರದ ಕುಲವೆನ್ನಬಹುದು. ಕೊಂದ ತಪ್ಪಿಗೆ ಅವಳು ಅವರ ನಾಡಿಗೆ ಹೋಗಬೇಕಾಗುತ್ತದೆ. ಗುಲಾಬಿ ತೋಟ, ಮುಖವಾಡಗಳು, ಔತಣ ಇತ್ಯಾದಿಗಳಲ್ಲಿ ಮೊದಲ ಅರ್ಧ ನಿಧಾನವಾಗಿ ಕಳೆಯುತ್ತದೆ. ಆದರೆ ಫೇರಾಗೆ ಸರಿಯಾಗಿ ಓದಲು ಬರುವುದಿಲ್ಲ ಎಂಬ ಒಂದು ವಿವರವನ್ನು ಲೇಖಕಿ ಬಹಳ ಜಾಣ್ಮೆಯಿಂದ ನೆಟ್ಟಿದ್ದಾರೆ. ಕೊನೆಯ ಭಾಗದ ಪರೀಕ್ಷೆಯೊಂದರಲ್ಲಿ ಗೋಡೆಯ ಮೇಲೆ ಪ್ರಶ್ನೆ ಬರೆದಿದೆ, ಮುಂದೆ ಮೂರು ಸನ್ನೆಕೋಲುಗಳಿವೆ, ಮೇಲಿನಿಂದ ಮೊಳೆಗಳ ಜಾಲರಿ ಇಳಿಯುತ್ತಿದೆ. ಓದು ಬಲ್ಲವಳಿಗೆ ಇದು ಕಷ್ಟವೇ ಅಲ್ಲ. ಅವಳಿಗೆ ಇದು ಸಾವು. ರಾಕ್ಷಸರನ್ನು ಎದುರಿಸಿದವಳು ನಾಲ್ಕು ಸಾಲಿನ ಬರಹದ ಮುಂದೆ ನಿಸ್ಸಹಾಯಕಳಾಗುವ ಆ ದೃಶ್ಯ, ಆ ಪುಸ್ತಕದ ಎಲ್ಲ ಯುದ್ಧಗಳಿಗಿಂತ ನನ್ನನ್ನು ಹೆಚ್ಚು ಕಲಕಿತು.

ಎರಡನೆಯ ಭಾಗ 2016ರದು. ಅದರ ಧೈರ್ಯವನ್ನು ಮೆಚ್ಚಬೇಕು. ಮೊದಲ ಭಾಗದಲ್ಲಿ ಯಾರನ್ನು ನಾಯಕನೆಂದು ನಾವು ಒಪ್ಪಿದ್ದೆವೋ ಅವನೇ ಇಲ್ಲಿ ಅವಳನ್ನು ರಕ್ಷಣೆಯ ಹೆಸರಿನಲ್ಲಿ ಮನೆಯೊಳಗೆ ಕೂಡಿಹಾಕುತ್ತಾನೆ. ಪ್ರೀತಿ ಬೀಗವಾಗುವ ಬಗೆಯನ್ನು ಹದಿನೇಳರ ಹುಡುಗಿಯೊಬ್ಬಳು ಇಲ್ಲಿ ಕಲಿತರೆ ಅದು ಸಣ್ಣ ಲಾಭವಲ್ಲ. ಆದರೆ ಮುಂದೆ ಲೇಖಕಿ ತಾವೇ ಎತ್ತಿದ ಪ್ರಶ್ನೆಯನ್ನು ಕೈಬಿಡುತ್ತಾರೆ. ಎರಡನೆಯ ನಾಯಕನ ವಯಸ್ಸು ಐನೂರು ವರ್ಷ ದಾಟಿದೆ. ನಾಯಕಿಗೆ ಇಪ್ಪತ್ತರ ಆಸುಪಾಸು. ಈ ಅಂತರದ ಬಗ್ಗೆ ಕಥೆ ಗಂಭೀರವಾಗಿ ಯೋಚಿಸುವುದೇ ಇಲ್ಲ. ಇಬ್ಬರ ನಡುವೆ ವಿಧಿಯೇ ಹೆಣೆದ ಬಂಧವಿದೆ ಎಂದು ಹೇಳಿಬಿಟ್ಟರೆ ಎಲ್ಲ ಅನುಮಾನಗಳೂ ಪರಿಹಾರವಾದಂತೆ. ಋಣಾನುಬಂಧದ ಕಲ್ಪನೆ ನಮಗೆ ಹೊಸದಲ್ಲ. ಆದರೆ ಬಾಣನ ಮಹಾಶ್ವೇತೆ ಆ ಬಂಧಕ್ಕಾಗಿ ಅಚ್ಛೋದ ಸರೋವರದ ದಂಡೆಯಲ್ಲಿ ತಪಸ್ವಿನಿಯಾಗಿ ಯೌವನವನ್ನು ತೇಯುತ್ತಾಳೆ. ಇಲ್ಲಿ ಬಂಧವು ಬಹುಮಾನದಂತೆ ಸಿಗುತ್ತದೆ. ಮುಂದಿನ ಸಂಪುಟಗಳು ಕೇವಲ ದಪ್ಪವಾಗಿವೆ. ಗೆಳೆಯರಿಗೆಲ್ಲ ಜೋಡಿ ಹುಡುಕುವ ಕೆಲಸದಲ್ಲಿ ಲೋಕದ ಅಳಿವು ಉಳಿವು ಹಿಂದೆ ಬೀಳುತ್ತದೆ.

ಇನ್ನೊಂದು ವಿಷಯವನ್ನು ಪೋಷಕರು ತಿಳಿದಿರಬೇಕು. ಈ ಮಾಲೆ ಮೊದಲು ಹದಿಹರೆಯದವರ ಪುಸ್ತಕವೆಂದೇ ಮಾರುಕಟ್ಟೆಗೆ ಬಂದಿತು. 2020ರಲ್ಲಿ ಹೊಸ ಹೊದಿಕೆಯೊಡನೆ ವಯಸ್ಕರ ವಿಭಾಗಕ್ಕೆ ಹೋಯಿತು. ಒಳಗಿನ ಶೃಂಗಾರ ಯಾವಾಗಲೂ ವಯಸ್ಕರದೇ ಆಗಿತ್ತು. ಪಂಪ, ನೇಮಿಚಂದ್ರ, ಜನ್ನರನ್ನು ಪಾಠ ಹೇಳಿದವಳು ಶೃಂಗಾರಕ್ಕೆ ಹೆದರಲಾರಳು. ನನ್ನ ತಕರಾರು ಶೃಂಗಾರ ಇರುವುದಕ್ಕಲ್ಲ, ಅದು ಒಂದೇ ರೀತಿಯಲ್ಲಿ ಇರುವುದಕ್ಕೆ. ಈ ಎಲ್ಲ ಕಾದಂಬರಿಗಳ ನಾಯಕರೂ ಎತ್ತರದವರು, ಕಟ್ಟುಮಸ್ತಾದವರು, ಮೌನಿಗಳು, ಗಾಯಗೊಂಡ ಮನಸ್ಸಿನವರು. 1209ರ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮರುಳಾಗುವುದು ಕುರೂಪಿಯಾದ ಮಾವುತನ ಹಾಡಿಗೆ, ಕತ್ತಲಲ್ಲಿ ಕೇಳಿದ ದನಿಗೆ. ಜನ್ನ ಅವಳನ್ನು ಪಾಪಿಯೆಂದೇ ಚಿತ್ರಿಸುತ್ತಾನೆ, ನಿಜ. ಆದರೂ ಮನಸ್ಸು ಎಲ್ಲಿ ಬೇಕಾದರೂ ಎಡವಬಲ್ಲುದೆಂಬ ಅರಿವು ಅವನಿಗಿತ್ತು. ಎಂಟುನೂರು ವರ್ಷಗಳ ಅನಂತರದ ಪ್ರಣಯ ಕಾದಂಬರಿಗೆ ಆ ಸಾಹಸ ಇನ್ನೂ ಬಂದಿಲ್ಲ.

ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ 2023ರಲ್ಲಿ ಬಂದಾಗ ಕಾಲೇಜು ಹುಡುಗಿಯರ ನಡುವೆ ಕೈಯಿಂದ ಕೈಗೆ ಓಡಾಡಿತು. ಇದು ಕೂಡ ಬರೆದದ್ದು ವಯಸ್ಕರಿಗಾಗಿ. ಗ್ರಂಥಪಾಲಕರ ಶಾಖೆಗೆ ಸೇರಬೇಕೆಂದಿದ್ದ ವಯೋಲೆಟ್ ಎಂಬ ಹುಡುಗಿಯನ್ನು ಸೇನಾನಾಯಕಿಯಾದ ತಾಯಿಯೇ ಡ್ರ್ಯಾಗನ್ ಸವಾರರ ಶಾಖೆಗೆ ನೂಕುತ್ತಾಳೆ. ಹುಡುಗಿಯ ಕೀಲುಗಳು ಸುಲಭವಾಗಿ ಕಳಚುತ್ತವೆ, ಎಲುಬು ಬೇಗ ಮುರಿಯುತ್ತವೆ. ಇಂಥ ದೇಹವನ್ನು ಇಟ್ಟುಕೊಂಡು ಬಲಾಢ್ಯರ ನಡುವೆ ಬದುಕುವ ಉಪಾಯಗಳನ್ನು ಲೇಖಕಿ ಒಳಗಿನಿಂದ ಬಲ್ಲರು. ಸಂಧಿಗಳನ್ನು ಸಡಿಲಗೊಳಿಸುವ ವ್ಯಾಧಿಯೊಂದು ಅವರಿಗೂ ಇದೆ. ಆ ಪುಟಗಳು ನಿಜವಾಗಿವೆ. ಡ್ರ್ಯಾಗನ್ನುಗಳೂ ಸೊಗಸಾಗಿವೆ, ಮನುಷ್ಯರಿಗಿಂತ ಅವುಗಳ ಮಾತೇ ಚುರುಕು.

ಆದರೆ ಸಾವಿನ ವಿಷಯದಲ್ಲಿ ಪುಸ್ತಕ ಸೋಲುತ್ತದೆ. ಆ ಕಾಲೇಜಿನಲ್ಲಿ ದಿನವೂ ಬೆಳಿಗ್ಗೆ ಸತ್ತವರ ಹೆಸರು ಓದುವ ಪದ್ಧತಿಯಿದೆ. ಮೊದಲ ಸಲ ಓದಿದಾಗ ಎದೆ ಝಲ್ಲೆನ್ನುತ್ತದೆ. ಹತ್ತನೆಯ ಸಲಕ್ಕೆ ಅದು ಹಾಜರಿ ಪಟ್ಟಿಯಾಗುತ್ತದೆ. ನೆಲದ ಮೇಲಿನ ರಕ್ತ ಒಣಗುವ ಮೊದಲೇ ನಾಯಕಿಯ ಗಮನ ನಾಯಕನ ಭುಜಗಳ ಮೇಲಿರುತ್ತದೆ. ತರುಣರನ್ನು ಹೀಗೆ ಕೊಲ್ಲಿಸುವ ರಾಜ್ಯವ್ಯವಸ್ಥೆ ಯಾಕೆ, ಯಾರಿಗಾಗಿ ಎಂಬ ಪ್ರಶ್ನೆ ಕೊನೆಯಲ್ಲಿ ಬರುತ್ತದೆಯಾದರೂ, ಅಷ್ಟು ಹೊತ್ತಿಗೆ ನಾವು ಸಾವಿಗೆ ಒಗ್ಗಿಕೊಂಡಿರುತ್ತೇವೆ. ಇದೇ ಪ್ರಶ್ನೆಯನ್ನು ಸುಝಾನ್ ಕಾಲಿನ್ಸ್ 2025ರ ‘ಸನ್‌ರೈಸ್ ಆನ್ ದ ರೀಪಿಂಗ್’ನಲ್ಲಿ ಎಷ್ಟು ಕಟುವಾಗಿ ನಿರ್ವಹಿಸಿದ್ದಾರೆ ನೋಡಿ. ಅಲ್ಲಿ ನಲವತ್ತೆಂಟು ಮಕ್ಕಳನ್ನು ಕಣಕ್ಕೆ ಇಳಿಸುತ್ತಾರೆ. ಕೊನೆ ಏನೆಂಬುದು ಹಿಂದಿನ ಪುಸ್ತಕಗಳಿಂದ ಓದುಗರಿಗೆ ಗೊತ್ತಿದೆ. ಹಾಗಿದ್ದರೂ ಒಂದೊಂದು ಸಾವೂ ನೋಯಿಸುತ್ತದೆ, ಏಕೆಂದರೆ ಲೇಖಕಿ ಆ ಮಕ್ಕಳನ್ನು ಎಣಿಕೆಗಾಗಿ ತಂದಿಲ್ಲ. ಕಣದಲ್ಲಿ ನಡೆದದ್ದಕ್ಕೂ ಪ್ರಭುತ್ವವು ಕತ್ತರಿಸಿ ಜೋಡಿಸಿ ಜನರಿಗೆ ತೋರಿಸಿದ್ದಕ್ಕೂ ಇರುವ ಅಂತರವನ್ನು ಹದಿನೈದರ ಓದುಗನಿಗೆ ಅರ್ಥವಾಗುವಂತೆ ಅವರು ಕಾಣಿಸುತ್ತಾರೆ.

ಹಾಲಿ ಬ್ಲ್ಯಾಕ್ ಅವರ ‘ದ ಕ್ರೂಯಲ್ ಪ್ರಿನ್ಸ್’ (2018) ಬುದ್ಧಿವಂತಿಕೆಯಿಂದ ಕಟ್ಟಿದ ಕೃತಿ. ಇಲ್ಲಿಯ ಫೇ ಕುಲದವರು ಸುಳ್ಳು ಹೇಳಲಾರರು. ಅವರ ನಡುವೆ ಬೆಳೆದ ಮನುಷ್ಯ ಹುಡುಗಿ ಜೂಡ್‌ಳ ಬಳಿ ಮಾಟವಿಲ್ಲ, ಬಲವಿಲ್ಲ. ಇರುವ ಒಂದೇ ಆಯುಧವೆಂದರೆ ಅವಳು ಸುಳ್ಳು ಹೇಳಬಲ್ಲಳು. ಸಣ್ಣ ಸಣ್ಣ ಪ್ರಮಾಣದಲ್ಲಿ ವಿಷ ಸೇವಿಸಿ ಅದನ್ನು ಅರಗಿಸಿಕೊಳ್ಳುವ ಅವಳನ್ನು ಕಂಡಾಗ ನಮ್ಮ ವಿಷಕನ್ಯೆಯರ ಕಥೆ ನೆನಪಾಗದೆ ಇರದು. ತನ್ನ ತಂದೆತಾಯಿಯರನ್ನು ಕೊಂದವನ ಮನೆಯಲ್ಲೇ ಬೆಳೆದು, ಅವನನ್ನು ದ್ವೇಷಿಸುತ್ತ, ಅವನ ಮೆಚ್ಚುಗೆಗೂ ಹಂಬಲಿಸುವ ಅವಳ ಇಬ್ಬಂದಿತನ ಪ್ರೌಢ ಕಾದಂಬರಿಗೆ ತಕ್ಕ ವಸ್ತು. ನನಗೆ ಒಪ್ಪಿಗೆಯಾಗದ್ದು ರಾಜಕುಮಾರನ ಪ್ರಕರಣ. ಅವಳನ್ನು ಹಿಂಸಿಸಿದ ಹುಡುಗ ಒಳಗೊಳಗೇ ಅವಳನ್ನು ಪ್ರೀತಿಸುತ್ತಿದ್ದನು ಎಂದು ಕಥೆ ಹೇಳುತ್ತದೆ. ಶಾಲೆಯಲ್ಲಿ ಜಡೆ ಎಳೆಯುವ ಹುಡುಗನ ಬಗ್ಗೆ ದೊಡ್ಡವರು ಹೇಳುತ್ತಿದ್ದ ಹಳೆಯ ಸಮಾಧಾನವೇ ಇದು. ಮೂವತ್ತು ವರ್ಷ ತರಗತಿಯಲ್ಲಿ ನಿಂತ ನಾನು ಇದನ್ನು ಮಾಯಾಲೋಕದಲ್ಲಿಯೂ ನಂಬಲಾರೆ.

ಇವೆಲ್ಲವುಗಳ ನಡುವೆ ನಾನು ತಡೆಯಿಲ್ಲದೆ ಮೆಚ್ಚಿದ್ದು ಲೀ ಬಾರ್ಡುಗೋ ಅವರ ‘ಸಿಕ್ಸ್ ಆಫ್ ಕ್ರೋಸ್’ (2015). ಕೆಟರ್‌ಡಾಮ್ ಎಂಬ ವ್ಯಾಪಾರಿ ಬಂದರಿನ ಆರು ಮಂದಿ ತರುಣರು ಅಸಾಧ್ಯವಾದ ಕೋಟೆಯೊಂದನ್ನು ಹೊಕ್ಕು ಕೈದಿಯನ್ನು ಬಿಡಿಸಿ ತರುವ ಕಥೆ. ಗುಂಪಿನ ನಾಯಕ ಕಾಝ್ ಊರುಗೋಲು ಹಿಡಿದು ನಡೆಯುವವನು. ಬಾಲ್ಯದ ಒಂದು ಭೀಕರ ಅನುಭವದಿಂದಾಗಿ ಯಾರ ಚರ್ಮ ತಾಕಿದರೂ ಸಹಿಸಲಾರ, ಸದಾ ಕೈಗವಸು ತೊಡುತ್ತಾನೆ. ಅವನು ಒಲಿದ ಇನೆಜ್ ವೇಶ್ಯಾಗೃಹಕ್ಕೆ ಮಾರಾಟವಾಗಿ ಪಾರಾದವಳು. ಅವಳಿಗೂ ಸ್ಪರ್ಶವೆಂದರೆ ಭಯ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯಲಾಗದ ಇಬ್ಬರ ನಡುವೆ ಪ್ರೇಮ ಹೇಗಿರುತ್ತದೆ? ಲೇಖಕಿ ಇದಕ್ಕೆ ಮಂತ್ರವನ್ನೂ ವಿಧಿಬಂಧವನ್ನೂ ಪರಿಹಾರವಾಗಿ ತರುವುದಿಲ್ಲ. ಅರೆಮನಸ್ಸಿನವನು ತನಗೆ ಬೇಡವೆಂದು ಹೇಳುವ ಬಲ ಹುಡುಗಿಗೆ ಇದೆ; ಬದಲಾಗಲು ಎಷ್ಟು ಶ್ರಮ ಬೇಕೆಂಬ ಅರಿವು ಹುಡುಗನಿಗಿದೆ. ಕೈಗವಸು ಕಳಚುವುದೇ ಇಲ್ಲಿ ದೊಡ್ಡ ಶೃಂಗಾರ. ಇತರರು ನೂರು ಪುಟಗಳಲ್ಲಿ ತರಲಾಗದ ಉತ್ಕಟತೆ ಅದರಲ್ಲಿದೆ.

ಮಾಯೆಯಿಲ್ಲದ ಪ್ರಣಯ ಕಾದಂಬರಿಗಳಲ್ಲಿ ಮೂರನ್ನು ಹೇಳಬೇಕು. ಆಲಿ ಹೇಝಲ್‌ವುಡ್ ಅವರ ‘ದ ಲವ್ ಹೈಪೊಥಿಸಿಸ್’ (2021) ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳು ಪ್ರಾಧ್ಯಾಪಕನೊಡನೆ ಹುಸಿ ಪ್ರೇಮದ ನಾಟಕವಾಡುವ ಕಥೆ. ನಾಟಕ ನಿಜವಾಗುತ್ತದೆಂದು ಮೂರನೆಯ ಪುಟದಲ್ಲಿಯೇ ತಿಳಿಯುತ್ತದೆ. ನಮ್ಮ ಹಳೆಯ ಚಲನಚಿತ್ರಗಳನ್ನು ಕಂಡವರಿಗೆ ಇನ್ನೂ ಮೊದಲೇ ತಿಳಿಯುತ್ತದೆ. ಪ್ರಯಾಣಕ್ಕೆ ಒಳ್ಳೆಯ ಜೊತೆ, ಅಷ್ಟೇ. ಎಮಿಲಿ ಹೆನ್ರಿ ಅವರ ‘ಬುಕ್ ಲವರ್ಸ್’ (2022) ಹೆಚ್ಚು ಬೆಳೆದ ಮನಸ್ಸಿನ ಕೃತಿ. ಪ್ರಣಯಕಥೆಗಳಲ್ಲಿ ನಾಯಕನು ಸಣ್ಣ ಊರಿನ ಮುಗ್ಧೆಗಾಗಿ ಬಿಟ್ಟುಹೋಗುವ ‘ಪಟ್ಟಣದ ಗಟ್ಟಿ ಹೆಂಗಸು’ ಒಬ್ಬಳಿರುತ್ತಾಳಲ್ಲ, ಅವಳನ್ನೇ ಇಲ್ಲಿ ನಾಯಕಿಯಾಗಿಸಿದ್ದಾರೆ. ಪ್ರೇಮಿಗಳ ಮಾತು ಚುರುಕಾಗಿದೆ. ಆದರೆ ಪುಸ್ತಕದ ಜೀವ ಇರುವುದು ಅಕ್ಕತಂಗಿಯರ ನಡುವೆ. ತಾಯಿಯಿಲ್ಲದ ತಂಗಿಗೆ ತಾಯಿಯಾಗಿ ನಿಂತ ಅಕ್ಕನ ದಣಿವನ್ನು ಅವರು ಚೆನ್ನಾಗಿ ಬಲ್ಲರು.

ಮೂರನೆಯದು ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016). ಹೂವಿನಂಗಡಿ ಇಟ್ಟ ಲಿಲಿ ಎಂಬವಳು ಸುಂದರನೂ ಶಸ್ತ್ರವೈದ್ಯನೂ ಆದವನನ್ನು ಮದುವೆಯಾಗುತ್ತಾಳೆ. ಅವನು ಹೊಡೆಯುತ್ತಾನೆ, ಪ್ರತಿ ಸಲವೂ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. ತಂದೆಯ ಹೊಡೆತ ತಿಂದೂ ಮನೆ ಬಿಡದ ತಾಯಿಯನ್ನು ಮನಸ್ಸಿನಲ್ಲೇ ಹೀಗಳೆದಿದ್ದ ಮಗಳು, ಬಿಡುವುದು ಎಷ್ಟು ಕಷ್ಟವೆಂದು ತಾನೇ ಅರಿಯುತ್ತಾಳೆ. ಕೊನೆಗೆ ಹಸುಗೂಸಿನ ಮುಖ ನೋಡಿ ಬಿಡುತ್ತಾಳೆ. ಗದ್ಯ ಸಾಮಾನ್ಯ, ಬಾಲ್ಯದ ಪ್ರೇಮಿ ಅತಿಯಾಗಿ ಒಳ್ಳೆಯವನು, ಹೂವಿನ ಹೊದಿಕೆಯೊಳಗೆ ಇಂಥ ವಸ್ತುವನ್ನು ಸುತ್ತಿ ಮಾರಿದ ರೀತಿ ನನಗೆ ಹಿಡಿಸಲಿಲ್ಲ. ಆದರೂ ಹೊಡೆಯುವವನು ರಾಕ್ಷಸನ ರೂಪದಲ್ಲಿ ಬರುವುದಿಲ್ಲ, ನಾವು ಒಲಿದವನ ರೂಪದಲ್ಲೇ ಬರುತ್ತಾನೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಪುಸ್ತಕವನ್ನು ನಾನು ಕಡೆಗಣಿಸಲಾರೆ.

ಇದನ್ನು ಓದುವಾಗ ತ್ರಿವೇಣಿಯವರು ನೆನಪಾದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಆ ಲೇಖಕಿಯನ್ನು ‘ಜನಪ್ರಿಯ’ ಎಂಬ ಒಂದು ಶಬ್ದದಿಂದ ಪಕ್ಕಕ್ಕೆ ಸರಿಸಿದ ವಿಮರ್ಶಕರು ಕಡಿಮೆಯಿಲ್ಲ. ‘ಶರಪಂಜರ’ದ ಕಾವೇರಿ ಬಾಣಂತಿತನದ ಮನೋವ್ಯಾಧಿಯಿಂದ ಗುಣಮುಖಳಾಗಿ ಮನೆಗೆ ಬರುತ್ತಾಳೆ. ರೋಗ ಹೋಗಿದೆ; ಆದರೆ ಗಂಡನೂ ಲೋಕವೂ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಅಲ್ಲಿ ಯಾರೂ ಕೈಯೆತ್ತುವುದಿಲ್ಲ. ಅನುಮಾನದ ನೋಟವೇ ಸಾಕಾಗುತ್ತದೆ. ಲಿಲಿಗೆ ಹೊರಗೆ ಹೋಗುವ ಬಾಗಿಲು ಇತ್ತು, ಅಂಗಡಿಯಿತ್ತು, ದುಡಿಮೆಯಿತ್ತು. ಕಾವೇರಿಗೆ ಅವು ಯಾವುವೂ ಇರಲಿಲ್ಲ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದ ಹುಡುಗಿಗೆ ಪ್ರಣಯದ ಬಗ್ಗೆ ಬೇರೆ ಉಪದೇಶ ಬೇಕಾಗದು.

ಇಲ್ಲಿಯೇ ನಮ್ಮ ಗಡಿನಾಡಿನ ತೊಡಕು ಎದುರಾಗುತ್ತದೆ. ನನ್ನ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆ, ಜೊತೆಗೆ ಮರಾಠಿ, ಹಿಂದಿ. ನಮ್ಮ ಓಣಿಯ ಅವಳ ಓರಗೆಯ ಬಹುಪಾಲು ಮಕ್ಕಳ ಸ್ಥಿತಿ ಇದೇ. ಫೇರಾ ಗೋಡೆಯ ಬರಹದ ಮುಂದೆ ನಿಂತ ಪ್ರಸಂಗವನ್ನು ಇಬ್ಬರೂ ಚರ್ಚಿಸುತ್ತಿದ್ದಾಗ ಅವಳು ಅಂದ ಮಾತು: “ಅದನ್ನ ಓದೂಮುಂದ ನಂಗ ನಿನ್ನ ಕಪಾಟ ನೆನಪಾತು, ಆಯಿ.” ಅವಳು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ನನ್ನ ಗಾಜಿನ ಕಪಾಟಿನಲ್ಲಿ ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನರ ಪುಸ್ತಕಗಳ ಬೆನ್ನುಗಳನ್ನು ಹುಟ್ಟಿದಂದಿನಿಂದ ನೋಡುತ್ತ ಬಂದಿದ್ದಾಳೆ. ಅವು ಅವಳಿಗೆ ಗೋಡೆಯ ಮೇಲಿನ ಬರಹವೇ.

ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ (2018) ನನಗೆ ಬೇರೆಯೇ ಆಗಿ ಕಂಡದ್ದು ಇದೇ ಕಾರಣಕ್ಕೆ. ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ಇಂಗ್ಲಿಷಿನಲ್ಲಿ ಬರೆದರೂ ಅವರ ಮಂತ್ರಗಳು ಯೊರುಬಾ ನುಡಿಯಲ್ಲಿವೆ, ದೇವತೆಗಳು ಅಲ್ಲಿಯವರು. ಮಾಯೆಯನ್ನು ಅಳಿಸಿಹಾಕಿದ ರಾಜನ ನಾಡಿನಲ್ಲಿ, ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅದನ್ನು ಮರಳಿ ತರಲು ಹೊರಡುತ್ತಾಳೆ. ಅವಳಿಗೂ ಅವಳ ಬೆನ್ನಟ್ಟಿದ ರಾಜಕುಮಾರನಿಗೂ ಪ್ರೇಮ ಹುಟ್ಟುವುದು ಅವಸರದ್ದು, ನಂಬಲಾಗದ್ದು. ಆ ಭಾಗವನ್ನು ಬಿಟ್ಟಿದ್ದರೆ ಪುಸ್ತಕಕ್ಕೆ ನಷ್ಟವಾಗುತ್ತಿರಲಿಲ್ಲ. ಆದರೆ ಶಕ್ತಿಯು ಪೂರ್ವಿಕರ ನುಡಿಯಲ್ಲೇ ಇದೆ ಎಂಬ ಕಲ್ಪನೆಯನ್ನು ಹದಿನೈದರ ಓದುಗರು ಸಂತೋಷದಿಂದ ಒಪ್ಪಿಕೊಳ್ಳುವಂತೆ ಅವರು ಮಾಡಿದ್ದಾರೆ. ನಾವು ಭಾಷಣಗಳಲ್ಲಿ ಹೇಳಿ ಸೋತ ಮಾತು ಅದು.

ಬೆಳೆದ ಮೇಲೆ ಅಕ್ಷರ ಕಲಿಯಲಾಗದೆಂದು ಹೇಳುವವರಿಗೆ ಈ ಊರಿನಲ್ಲೇ ಉತ್ತರವಿದೆ. ಮರಾಠಿಯಲ್ಲಿ ಶಾಲೆ ಕಲಿತ ಜಯದೇವಿತಾಯಿ ಲಿಗಾಡೆಯವರು ಆಮೇಲೆ ಕನ್ನಡವನ್ನು ತಮ್ಮದಾಗಿಸಿಕೊಂಡು ಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯಾದರು. ಆದರೆ ಕಲಿತ ಮೇಲೆ ಓದುವುದೇನನ್ನು? ‘ಚಂದಮಾಮ’ದ ವಯಸ್ಸು ದಾಟಿದ, ಭೈರಪ್ಪ ಅನಂತಮೂರ್ತಿಯವರ ವಯಸ್ಸನ್ನು ಇನ್ನೂ ಮುಟ್ಟದ ಹದಿನಾರರ ಓದುಗಳಿಗೆ ಕೊಡಲು ಇಂದಿನ ಕನ್ನಡದಲ್ಲಿ ಪುಸ್ತಕಗಳು ತೀರ ವಿರಳ. ಅವಳಿಗೆ ಹಾರುವ ಡ್ರ್ಯಾಗನ್ನೇ ಬೇಕೆಂದಿಲ್ಲ. ಕನಸಿನಲ್ಲಿ ಕಂಡವಳನ್ನು ಹುಡುಕಿ ಹೊರಡುವ ರಾಜಕುಮಾರನ ಕಥೆ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಹನ್ನೆರಡನೆಯ ಶತಮಾನದಿಂದ ಕಾಯುತ್ತಿದೆ, ಅದನ್ನು ಲೀಲಾವತಿಯ ಕಡೆಯಿಂದ ಇಂದು ಯಾರಾದರೂ ಬರೆಯಬಹುದು. ನಮ್ಮ ನಾನ್ನಜದ ಹುಲ್ಲುಗಾವಲಿನಲ್ಲಿ ಅಳಿವಿನ ಅಂಚಿಗೆ ಬಂದ ದೊಡ್ಡ ಹಕ್ಕಿಯೊಂದಿದೆ. ಮರಾಠಿಯಲ್ಲಿ ಮಾಳಢೋಕ ಎನ್ನುತ್ತಾರೆ. ಕನ್ನಡದ ಎರೆನೆಲದ ಜನ ಅದನ್ನು ಎರೆಭೂತ ಎಂದು ಕರೆದಿದ್ದಾರೆ. ಆ ಹೆಸರೊಂದೇ ಒಂದು ಕಾದಂಬರಿಗೆ ಸಾಕು.

ಆದುದರಿಂದ ಈ ಸಮ್ಮೇಳನಕ್ಕೆ ಬಂದಿರುವ ಲೇಖಕರಲ್ಲಿ, ವಿಶೇಷವಾಗಿ ಲೇಖಕಿಯರಲ್ಲಿ, ನನ್ನದೊಂದು ವಿನಂತಿ. ಹದಿನಾರರ ಹುಡುಗಿಗಾಗಿ ಒಂದು ಕಾದಂಬರಿ ಬರೆಯಿರಿ. ಹೊಸದಾಗಿ ಅಕ್ಷರ ಕಲಿತವಳೂ ಓದುವಂತೆ ವಾಕ್ಯ ಚಿಕ್ಕದಿರಲಿ, ಆದರೆ ಮಾತು ಸಣ್ಣದಾಗದಿರಲಿ. ಅದರಲ್ಲಿ ಮಾಯೆಗೆ ಬೆಲೆಯಿರಲಿ, ಒಲವಿಗೆ ಆಯ್ಕೆಯಿರಲಿ. ಮುಂದಿನ ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಅದು ಕಂಡರೆ ಎರಡು ಪ್ರತಿ ಕೊಳ್ಳುತ್ತೇನೆ, ಅವಳಿಗೊಂದು, ನನಗೊಂದು. ಓದಿ ಬೈಯುವ ಹಕ್ಕನ್ನು ಮಾತ್ರ ಇಬ್ಬರೂ ಉಳಿಸಿಕೊಂಡಿರುತ್ತೇವೆ.